ಗ್ರಾಮೀಣ ಕ್ಲಿನಿಕ್‌ಗಳಲ್ಲಿ ಓಪಿಯಾಯ್ಡ್ ವ್ಯಸನ ಚಿಕಿತ್ಸೆಯ ಟ್ರಯಲ್: ಈ ಕರಡಿನಲ್ಲಿ ಎಲ್ಲೆಲ್ಲಿ ತೂತಿದೆ?

ತುಂಬೆಹೂ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಓಪಿಯಾಯ್ಡ್ (ಹೆರಾಯಿನ್, ಫೆಂಟನಿಲ್‌ನಂಥ ಮಾದಕ) ವ್ಯಸನದ ಚಿಕಿತ್ಸೆ ಕುರಿತ ಒಂದು ಟ್ರಯಲ್‌ನ ಪ್ರೋಟೊಕಾಲ್ (ಹೇಗೆ ನಡೆಸುವುದು ಅನ್ನುವ ಯೋಜನೆ) ಎಥಿಕ್ಸ್ ಸಮಿತಿಗೆ ಹೋಗಬೇಕಿದೆ. ಅಲ್ಲಿ ಪೆಟ್ಟು ತಿನ್ನುವ ಮೊದಲು ಇಲ್ಲೇ ತಿನ್ನೋಣ ಅಂತ ಹಾಕುತ್ತಿದ್ದೇನೆ.

ಜಾಗ: ವ್ಯಸನ ತಜ್ಞರಿಲ್ಲದ ಗ್ರಾಮೀಣ ಪ್ರಾಥಮಿಕ ಕ್ಲಿನಿಕ್‌ಗಳು. ತೀರಾ ಹತ್ತಿರದ ಚಿಕಿತ್ಸಾ ಕೇಂದ್ರಕ್ಕೂ ಎರಡು ಗಂಟೆ ಪ್ರಯಾಣ. ಒಂದು ಗುಂಪಿಗೆ ಕ್ಲಿನಿಕ್‌ನಲ್ಲೇ ಬ್ಯುಪ್ರೆನಾರ್ಫಿನ್-ನಾಲಾಕ್ಸೋನ್ (ಓಪಿಯಾಯ್ಡ್ ಹಂಬಲ ತಗ್ಗಿಸುವ, ನಾಲಿಗೆಯಡಿ ಇಡುವ ಮಾತ್ರೆ) ಶುರು ಮಾಡುತ್ತೇವೆ. ದೂರದ ತಜ್ಞರು ವಿಡಿಯೊ ಅಥವಾ ಫೋನಿನಲ್ಲಿ ಸಿಗುತ್ತಾರೆ, ಸ್ಥಳದಲ್ಲಿ ಒಬ್ಬ ನರ್ಸ್ ಪ್ರತಿ ರೋಗಿಯ ಬೆನ್ನು ಹತ್ತಿರುತ್ತಾರೆ. ಇನ್ನೊಂದು ಗುಂಪಿಗೆ ಈಗ ನಡೆಯುತ್ತಿರುವ ಹಾಗೇ ರೆಫರಲ್ ಚೀಟಿ. ಅವಧಿ 24 ವಾರ. ಔಷಧಿ ಮೇಲಿರುವವರ ಪ್ರಮಾಣ ರೆಫರಲ್‌ನಲ್ಲಿ 35%, ನಮ್ಮ ಕಡೆ 50% ಅಂತ ಅಂದಾಜಿಟ್ಟು, 80% ಪವರ್‌ಗೆ (ವ್ಯತ್ಯಾಸ ನಿಜಕ್ಕೂ ಇದ್ದರೆ ಅದು ಕಣ್ಣಿಗೆ ಬೀಳುವ ಸಾಧ್ಯತೆ) ಗುಂಪಿಗೆ 167, ಒಟ್ಟು 334 ಜನ ಅಂತ ಲೆಕ್ಕ ಬಂದಿದೆ. ಕ್ಲಿನಿಕ್‌ಗಳು 6.

ಗೊಂದಲ ಇರುವುದು ಇಲ್ಲಿ:

ರೋಗಿಗಳನ್ನು ಒಬ್ಬೊಬ್ಬರಾಗಿ ಯಾದೃಚ್ಛಿಕವಾಗಿ ಹಂಚಬೇಕೋ, ಕ್ಲಿನಿಕ್‌ಗಳನ್ನೇ ಹಂಚಬೇಕೋ? ಮುಖ್ಯ ಫಲಿತಾಂಶ ಮೂತ್ರ ಪರೀಕ್ಷೆಯೋ, ಚಿಕಿತ್ಸೆಯಲ್ಲಿ ಉಳಿಯುವುದೋ? ಫೆಂಟನಿಲ್ ಓಡಾಡುವ ಕಡೆ ಮೊದಲ ಡೋಸ್ ಮನೆಯಲ್ಲೇ ತೆಗೆದುಕೊಳ್ಳಲು ಬಿಡಬಹುದೇ? ರೆಫರಲ್ ಗುಂಪಿಗೆ ಬರೀ ಚೀಟಿ ಕೊಟ್ಟು ಕಳಿಸುವುದು ನೈತಿಕವಾಗಿ ನಿಲ್ಲುತ್ತದೆಯೇ?

—

ಅಂಕಿಸಂಖ್ಯೆ ಉತ್ತರ:

ಮೊದಲ ಪ್ರಶ್ನೆ ನನ್ನದು. ನೀವು ನರ್ಸ್‌ಗೆ ತರಬೇತಿ ಕೊಡುತ್ತೀರಿ, ಕ್ಲಿನಿಕ್ ಕೆಲಸ ಮಾಡುವ ರೀತಿಯನ್ನೇ ಬದಲಿಸುತ್ತೀರಿ. ಅದೇ ನರ್ಸ್ ಬೆಳಿಗ್ಗೆ ಬಂದವರಿಗೆ ಹೊಸ ವ್ಯವಸ್ಥೆ, ಮಧ್ಯಾಹ್ನ ಬಂದವರಿಗೆ ಬರೀ ಚೀಟಿ ಕೊಡುವುದು ಕಾಗದದ ಮೇಲೆ ಮಾತ್ರ ಸಾಧ್ಯ. ಚಿಕ್ಕ ಊರಿನಲ್ಲಿ ಯಾರಿಗೆ ಏನು ಸಿಕ್ಕಿತು ಅನ್ನುವುದೂ ಎರಡೇ ದಿನಕ್ಕೆ ಎಲ್ಲರಿಗೂ ಗೊತ್ತಾಗುತ್ತದೆ. ಕ್ಲಿನಿಕ್‌ಗಳನ್ನೇ ಹಂಚಿ. ತಜ್ಞರ ಫೋನ್ ಕರೆಯೊಂದೇ ನಿಮ್ಮ ಚಿಕಿತ್ಸಾಕ್ರಮ ಆಗಿದ್ದು, ಕ್ಲಿನಿಕ್ ಸಿಬ್ಬಂದಿ ಅದರಲ್ಲಿ ಕೈ ಹಾಕದಿದ್ದರೆ ಮಾತ್ರ ರೋಗಿಗಳನ್ನು ಹಂಚಬಹುದಿತ್ತು.

ಆದರೆ ಕ್ಲಿನಿಕ್ ಹಂಚಿದ ಕೂಡಲೇ ನಿಮ್ಮ 334 ಕುಸಿಯುತ್ತದೆ. ಒಂದೇ ಕ್ಲಿನಿಕ್‌ನ ರೋಗಿಗಳು ಒಬ್ಬರಿಗೊಬ್ಬರು ಹೋಲುತ್ತಾರೆ: ಅದೇ ವೈದ್ಯರು, ಅದೇ ಔಷಧಿ ಅಂಗಡಿ, ಅದೇ ರಸ್ತೆ. ಈ ಹೋಲಿಕೆಯ ಅಳತೆಯೇ ಐಸಿಸಿ. ಡಿಸೈನ್ ಎಫೆಕ್ಟ್ (ಈ ಹೋಲಿಕೆಯಿಂದಾಗಿ ಸ್ಯಾಂಪಲ್ ಎಷ್ಟು ಪಟ್ಟು ಹೆಚ್ಚಬೇಕು ಅನ್ನುವ ಅಂಕಿ) ಕಂಡುಹಿಡಿಯಲು ಕ್ಲಿನಿಕ್‌ನ ಸರಾಸರಿ ರೋಗಿ ಸಂಖ್ಯೆಯಿಂದ 1 ಕಳೆಯಿರಿ, ಐಸಿಸಿಯಿಂದ ಗುಣಿಸಿ, 1 ಕೂಡಿಸಿ. ಐಸಿಸಿ 0.05 ಅಂತ ಇಟ್ಟುಕೊಳ್ಳೋಣ. 6 ಕ್ಲಿನಿಕ್‌ಗೆ 334 ಜನ ಅಂದರೆ ಕ್ಲಿನಿಕ್‌ಗೆ ಸುಮಾರು 56, ಡಿಸೈನ್ ಎಫೆಕ್ಟ್ 3.75. ನಿಮ್ಮ 334 ಜನ ಕೊಡುವ ಮಾಹಿತಿ ಸುಮಾರು 90 ಸ್ವತಂತ್ರ ರೋಗಿಗಳಷ್ಟೇ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: "ಹಾಗಾದರೆ ಕ್ಲಿನಿಕ್‌ಗೆ ಇನ್ನಷ್ಟು ರೋಗಿಗಳನ್ನು ಸೇರಿಸೋಣ." ಆಗದು. ಒಂದು ಗುಂಪಿನ ಪರಿಣಾಮಕಾರಿ ಸಂಖ್ಯೆ ಕ್ಲಿನಿಕ್‌ಗಳ ಸಂಖ್ಯೆಯನ್ನು ಐಸಿಸಿಯಿಂದ ಭಾಗಿಸಿದಷ್ಟನ್ನು ಎಂದೂ ದಾಟುವುದಿಲ್ಲ. 3 ಕ್ಲಿನಿಕ್, ಐಸಿಸಿ 0.05 ಅಂದರೆ 60. ಸಾವಿರಾರು ಜನರನ್ನು ಸೇರಿಸಿದರೂ 60ಕ್ಕೇ ನಿಲ್ಲುತ್ತದೆ. ನಿಮಗೆ ಬೇಕಿರುವುದು 167. ಕಡಿಮೆ ಅಂದರೂ ಗುಂಪಿಗೆ 9 ಕ್ಲಿನಿಕ್ ಇಲ್ಲದೆ ಈ ಪ್ರಶ್ನೆಗೆ ಕೈ ಹಾಕುವ ಹಾಗೇ ಇಲ್ಲ.

ಕ್ಲಿನಿಕ್‌ಗೆ 20 ಜನ ಅಂತಿಟ್ಟರೆ ಡಿಸೈನ್ ಎಫೆಕ್ಟ್ 1.95, ಗುಂಪಿಗೆ 326 ಜನ, 17 ಕ್ಲಿನಿಕ್. ಕ್ಲಿನಿಕ್‌ಗೆ 40 ಅಂತಿಟ್ಟರೆ ಜನ 493ಕ್ಕೆ ಏರುತ್ತಾರೆ, ಕ್ಲಿನಿಕ್ ಮಾತ್ರ 13ಕ್ಕೆ ಇಳಿಯುತ್ತದೆ. ಅಷ್ಟು ಜನರಿಗೆ ತಗಲುವ ಖರ್ಚಿನಲ್ಲಿ ನಾಲ್ಕು ಕ್ಲಿನಿಕ್ ಹೆಚ್ಚು ಸೇರಿಸುವುದು ಲೇಸು. ಇನ್ನೊಂದು ಮಾತು, ಗ್ರಾಮೀಣ ಕ್ಲಿನಿಕ್‌ಗಳ ಗಾತ್ರ ಒಂದೇ ಸಮ ಇರುವುದಿಲ್ಲ. ಒಂದರಲ್ಲಿ 6 ರೋಗಿ, ಇನ್ನೊಂದರಲ್ಲಿ 45. ಗಾತ್ರದ ವ್ಯತ್ಯಾಸ ಗುಣಾಂಕ (ಪ್ರಮಾಣ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿದ್ದು) 0.6 ಅಂತ ಹಿಡಿದರೆ ಡಿಸೈನ್ ಎಫೆಕ್ಟ್ 2.31 ಆಗಿ, ಗುಂಪಿಗೆ 386 ಜನ, 20 ಕ್ಲಿನಿಕ್ ಬೇಕಾಗುತ್ತದೆ. ಐಸಿಸಿಯನ್ನು ಊಹಿಸಿ ಬರೆಯಬೇಡಿ, ಆ ಕ್ಲಿನಿಕ್‌ಗಳ ಹಳೆಯ ದಾಖಲೆಗಳಿಂದ ತೆಗೆಯಿರಿ. 0.01 ಬಂದರೆ ಕ್ಲಿನಿಕ್‌ಗೆ 20 ಜನರಂತೆ ಗುಂಪಿಗೆ 10 ಕ್ಲಿನಿಕ್ ಸಾಕು, ಅಂದರೆ ಈ ಒಂದು ಸಂಖ್ಯೆ ನಿಮ್ಮ ಬಜೆಟ್ಟನ್ನೇ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ.

ಹಂಚುವಾಗ ಬರೀ ಚೀಟಿ ಎತ್ತಬೇಡಿ. ಚಿಕಿತ್ಸಾ ಕೇಂದ್ರದಿಂದ ದೂರ, ಕ್ಲಿನಿಕ್ ಗಾತ್ರ, ಈಗಾಗಲೇ ಬ್ಯುಪ್ರೆನಾರ್ಫಿನ್ ಬರೆಯುವ ವೈದ್ಯರು ಇದ್ದಾರೋ ಇಲ್ಲವೋ, ಈ ಮೂರರಲ್ಲಿ ಎರಡೂ ಗುಂಪು ಸಮ ಇರುವಂಥ ಹಂಚಿಕೆಗಳನ್ನು ಮೊದಲು ಪಟ್ಟಿ ಮಾಡಿ, ಅದರೊಳಗಿಂದ ಒಂದನ್ನು ಯಾದೃಚ್ಛಿಕವಾಗಿ ಎತ್ತಿ. ವಿಶ್ಲೇಷಣೆಯಲ್ಲಿ ಈ ಮೂರನ್ನೂ ಮಾಡೆಲ್‌ಗೆ ಸೇರಿಸಬೇಕು. ಕ್ಲಿನಿಕ್‌ಗಳು 40ರ ಒಳಗಿದ್ದರೆ ಚಿಕ್ಕ ಸಂಖ್ಯೆಯ ತಿದ್ದುಪಡಿಯೂ ಬೇಕು. ಇಲ್ಲದಿದ್ದರೆ ಪಿ ಮೌಲ್ಯ (ವ್ಯತ್ಯಾಸವೇ ಇಲ್ಲದಿದ್ದರೂ ಆಕಸ್ಮಿಕವಾಗಿ ಇಂಥ ಫಲಿತಾಂಶ ಬರುವ ಸಾಧ್ಯತೆ) ಸುಳ್ಳೇ ಚಿಕ್ಕದಾಗಿ ಬರುತ್ತದೆ.

ಸಂಖ್ಯೆಗಿಂತ ದೊಡ್ಡ ಅಪಾಯ ಒಂದಿದೆ: ಯಾರು ಟ್ರಯಲ್‌ಗೆ ಸೇರುತ್ತಾರೆ ಅನ್ನುವುದು. ಯಾವ ಕ್ಲಿನಿಕ್‌ನಲ್ಲಿ ಚಿಕಿತ್ಸೆ ಸಿಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಗಟ್ಟಿ ಮನಸ್ಸು ಮಾಡಿದವರು ಅಲ್ಲಿಗೇ ಹೋಗುತ್ತಾರೆ. ರೆಫರಲ್ ಕ್ಲಿನಿಕ್‌ನಲ್ಲಿ ಒಪ್ಪಿಗೆ ಕೊಡಲೂ ಜನ ಸಿಗುವುದಿಲ್ಲ. ಅಮೆರಿಕದ ಪ್ರೌಡ್ ಟ್ರಯಲ್ (2023ರಲ್ಲಿ ಪ್ರಕಟ) ಇದನ್ನು ತಪ್ಪಿಸಿಕೊಂಡ ರೀತಿ ಚೆನ್ನಾಗಿದೆ. 6 ಆರೋಗ್ಯ ಸಂಸ್ಥೆಗಳಲ್ಲಿ ತಲಾ 2 ಕ್ಲಿನಿಕ್, ಒಂದಕ್ಕೆ ನರ್ಸ್ ವ್ಯವಸ್ಥೆ, ಇನ್ನೊಂದಕ್ಕೆ ಎಂದಿನದು. ಅಳೆದದ್ದು ಸೇರಿಸಿಕೊಂಡ ರೋಗಿಗಳನ್ನಲ್ಲ. ಕ್ಲಿನಿಕ್‌ಗೆ ಬರುವ ಪ್ರತಿ 10,000 ಜನರಿಗೆ ಎಷ್ಟು ಚಿಕಿತ್ಸೆ ಸಿಕ್ಕಿತು ಅನ್ನುವುದನ್ನು, ಅದೂ ದಾಖಲೆಗಳಿಂದಲೇ. ಛೇದದಲ್ಲಿ ಇಡೀ ಕ್ಲಿನಿಕ್ ಇದ್ದಾಗ ಆರಿಸಿಕೊಳ್ಳುವ ಮಾತೇ ಬರುವುದಿಲ್ಲ. ಒಟ್ಟಾರೆ ಚಿಕಿತ್ಸೆ ಹೆಚ್ಚಾಯಿತು. ಆದರೆ ಲಾಭದ ಬಹುಪಾಲು ಎರಡೇ ಸಂಸ್ಥೆಗಳಿಂದ ಬಂತು. ನಿಮ್ಮ 6 ಕ್ಲಿನಿಕ್ ಯಾಕೆ ಸಾಲದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

—

ನಾಲಿಗೆಯಡಿ ಉತ್ತರ:

ಮೊದಲ ಡೋಸಿನ ವಿಚಾರ. ಪ್ರೋಟೊಕಾಲ್‌ನಲ್ಲಿ "ಮಾರ್ಗಸೂಚಿಯಂತೆ ಶುರು ಮಾಡುವುದು" ಅಂತ ಒಂದು ಸಾಲು ಬರೆದು ಬಿಟ್ಟರೆ ಹತ್ತು ಕ್ಲಿನಿಕ್ ಹತ್ತು ರೀತಿ ಮಾಡುತ್ತವೆ. ಇಷ್ಟಾದರೂ ಬಿಡಿಸಿ ಬರೆಯಬೇಕು.

ಬ್ಯುಪ್ರೆನಾರ್ಫಿನ್ ಮೆದುಳಿನಲ್ಲಿ ಓಪಿಯಾಯ್ಡ್ ಕೂರುವ ಜಾಗಕ್ಕೆ (ರಿಸೆಪ್ಟರ್) ಬಿಗಿಯಾಗಿ ಅಂಟುತ್ತದೆ, ಆದರೆ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಮೈಯಲ್ಲಿ ಇನ್ನೂ ಹೆರಾಯಿನ್ ಅಥವಾ ಫೆಂಟನಿಲ್ ಇರುವಾಗ ಕೊಟ್ಟರೆ ಅದನ್ನು ತಳ್ಳಿ ತಾನು ಕೂರುತ್ತದೆ. ರೋಗಿಗೆ ಗಂಟೆಯೊಳಗೆ ಭಾರಿ ವಿತ್‌ಡ್ರಾವಲ್ (ಓಪಿಯಾಯ್ಡ್ ತಪ್ಪಿದಾಗಿನ ನಡುಕ, ವಾಂತಿ, ಮೈನೋವು). ಹೀಗೆ ಒಮ್ಮೆ ಆದವರು ಆ ಮಾತ್ರೆಯ ಹೆಸರು ಹೇಳಿದರೆ ಓಡುತ್ತಾರೆ, ಊರಲ್ಲಿ ಇನ್ನೂ ನಾಲ್ವರಿಗೆ ಹೇಳುತ್ತಾರೆ. ಆದ್ದರಿಂದ ಕಾಯಬೇಕು. ಹೆರಾಯಿನ್‌ನಂಥ ಕಡಿಮೆ ಹೊತ್ತಿನವಕ್ಕೆ ಸಾಮಾನ್ಯವಾಗಿ 12 ಗಂಟೆ ಅಥವಾ ಹೆಚ್ಚು. ಮೆಥಡೋನ್ (ವ್ಯಸನ ಚಿಕಿತ್ಸೆಗೆ ಕೊಡುವ, ಹೆಚ್ಚು ಹೊತ್ತು ನಿಲ್ಲುವ ಇನ್ನೊಂದು ಓಪಿಯಾಯ್ಡ್) ಮೇಲಿದ್ದವರನ್ನು ಮೊದಲು ದಿನಕ್ಕೆ 30 ಮಿ.ಗ್ರಾಂ ಒಳಗೆ ಇಳಿಸಿ, ಕೊನೆಯ ಡೋಸಿನಿಂದ 36–72 ಗಂಟೆ. ಫೆಂಟನಿಲ್‌ನ ತಕರಾರೇ ಬೇರೆ: ಅದು ಕೊಬ್ಬಿನಲ್ಲಿ ಕರಗಿ ನಿಲ್ಲುತ್ತದೆ, ದಿನಾ ಬಳಸಿದವರ ಮೈಯಿಂದ ನಿಧಾನವಾಗಿ ಹೊರಬರುತ್ತದೆ. ಗಡಿಯಾರ ನೋಡಿದರೆ ಸಾಲದು, ಲಕ್ಷಣ ನೋಡಬೇಕು.

ಕ್ಲಿನಿಕ್‌ನಲ್ಲಾದರೆ ಕೌಸ್ ಪಟ್ಟಿ (ವಿತ್‌ಡ್ರಾವಲ್ ಎಷ್ಟಿದೆ ಅಂತ ಸಿಬ್ಬಂದಿ ನೋಡಿ ಅಂಕ ಕೊಡುವುದು): 11 ಅಂಶ, 5–12 ಸೌಮ್ಯ, 13–24 ಮಧ್ಯಮ. ಫೆಂಟನಿಲ್ ಬಳಸುವವರಲ್ಲಿ 13 ದಾಟುವವರೆಗೆ ಕಾಯಿರಿ ಅನ್ನುವುದು ನನ್ನ ಅಭಿಪ್ರಾಯ. ಮೊದಲು 2–4 ಮಿ.ಗ್ರಾಂ, ಒಂದೆರಡು ಗಂಟೆ ನೋಡಿ ಮತ್ತೆ ಅಷ್ಟು, ಮೊದಲ ದಿನ ಸಾಮಾನ್ಯವಾಗಿ 8, ಬೇಕಿದ್ದರೆ 16ರವರೆಗೆ. ಮುಂದಿನ ದಿನಗಳಲ್ಲಿ 16–24 ಮಿ.ಗ್ರಾಂ. ಪ್ರೋಟೊಕಾಲ್‌ನಲ್ಲಿ 16ಕ್ಕೆ ಮುಚ್ಚಳ ಹಾಕಬೇಡಿ. ಡೋಸ್ ಸಾಲದೆ ಹೋದವರನ್ನು "ಚಿಕಿತ್ಸೆ ಬಿಟ್ಟವರು" ಅಂತ ಎಣಿಸಿದರೆ ನೀವು ಅಳೆಯುತ್ತಿರುವುದು ನಿಮ್ಮದೇ ಜಿಪುಣತನವನ್ನು.

ಮನೆಯಲ್ಲಿ ಶುರು ಮಾಡಬಹುದು, ಮಾಡಲೇಬೇಕು ಕೂಡ. ಎರಡು ಗಂಟೆ ದೂರದವರಿಗೆ "ವಿತ್‌ಡ್ರಾವಲ್ ಶುರುವಾದ ಮೇಲೆ ಬನ್ನಿ" ಅನ್ನುವುದು ಬರಬೇಡಿ ಅಂದಂತೆ. ಆದರೆ ಫೋನಿನಲ್ಲಿ ಕಣ್ಣಿನ ಪಾಪೆ, ನಾಡಿ ನೋಡಲಾಗದು, ಹಾಗಾಗಿ ಕೌಸ್ ಅರ್ಧಕ್ಕೆ ನಿಲ್ಲುತ್ತದೆ. ರೋಗಿಯೇ ಹೇಳುವ ಸೌಸ್ ಪಟ್ಟಿ ಬಳಸಿ: 16 ಪ್ರಶ್ನೆ, ತಲಾ 0–4, ಒಟ್ಟು 64, 17 ಅಥವಾ ಹೆಚ್ಚು ಬಂದ ಮೇಲೆ ಮೊದಲ ಮಾತ್ರೆ. ಚಿತ್ರವಿರುವ ಒಂದು ಪುಟದ ಚೀಟಿ ಕೊಡಿ: ಬಾಯಿ ಒದ್ದೆ ಮಾಡಿಕೊಳ್ಳಿ, ನಾಲಿಗೆಯ ಕೆಳಗೆ ಇಡಿ, ಪೂರ್ತಿ ಕರಗುವವರೆಗೆ ನುಂಗಬೇಡಿ, ಮಾತು ಬೇಡ, ಕುಡಿಯುವುದು ಬೇಡ, ಸಿಗರೇಟು ಬೇಡ. "ಮಾತ್ರೆ ಕೆಲಸ ಮಾಡಲಿಲ್ಲ" ಅನ್ನುವವರಲ್ಲಿ ಎಷ್ಟೋ ಮಂದಿ ನೀರು ಕುಡಿದು ನುಂಗಿರುತ್ತಾರೆ. ಹೊಟ್ಟೆಗೆ ಹೋದದ್ದರಲ್ಲಿ ರಕ್ತ ಸೇರುವುದು ಅತ್ಯಲ್ಪ. ಕರಗಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ, ಒಂದು ಗಂಟೆ ಹಲ್ಲುಜ್ಜಬೇಡಿ ಅನ್ನುವುದನ್ನೂ ಸೇರಿಸಿ. ಹಲ್ಲು ಹಾಳಾಗುವ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಕ ಸಂಸ್ಥೆ ಎಫ್‌ಡಿಎ 2022ರಲ್ಲಿ ಎಚ್ಚರಿಸಿದೆ.

ನರ್ಸ್ ಫೋನ್: ಮೊದಲ ಡೋಸಾಗಿ ಎರಡು ಗಂಟೆಗೆ, ಅದೇ ಸಂಜೆ, ಮರುದಿನ, 3ನೇ ದಿನ, 7ನೇ ದಿನ. ಲಕ್ಷಣ ಇದ್ದಕ್ಕಿದ್ದಂತೆ ಏರಿದರೆ ಬ್ಯುಪ್ರೆನಾರ್ಫಿನ್ ನಿಲ್ಲಿಸುವುದಲ್ಲ, ತಜ್ಞರ ಜೊತೆ ಮಾತಾಡಿ ಇನ್ನಷ್ಟು ಕೊಡುವುದು. ಜೊತೆಗೆ ಬೆವರು, ಚಡಪಡಿಕೆಗೆ ಕ್ಲೋನಿಡಿನ್ (ರಕ್ತದೊತ್ತಡ ನೋಡಿಕೊಂಡು), ವಾಂತಿಗೆ ಆಂಡಾನ್ಸೆಟ್ರಾನ್, ಭೇದಿಗೆ ಲೋಪೆರಮೈಡ್. ಈ ಕಿಟ್ ಮೊದಲ ದಿನವೇ ರೋಗಿಯ ಕೈಯಲ್ಲಿರಬೇಕು. ಮಿತಿಮೀರಿದ ಡೋಸಿನಿಂದ ಉಸಿರು ಕುಗ್ಗಿದವರನ್ನು ಎಬ್ಬಿಸುವ ನಾಲಾಕ್ಸೋನ್ ಮೂಗಿನ ಸ್ಪ್ರೇ ಎರಡೂ ಗುಂಪಿಗೆ, ಮನೆಯ ಒಬ್ಬರಿಗೆ ಬಳಸಲು ಕಲಿಸಿ.

ನಿದ್ರೆ ಮಾತ್ರೆ ಅಥವಾ ಮದ್ಯ ಬಳಸುವವರನ್ನು ಹೊರಗಿಡುವ ಸಾಲು ನಿಮ್ಮ ಕರಡಿನಲ್ಲಿದ್ದರೆ ತೆಗೆಯಿರಿ. ಅಪಾಯ ಹೆಚ್ಚು ಅನ್ನುವುದು ನಿಜ. ಆದರೆ ಅಪಾಯ ಹೆಚ್ಚಿರುವವರಿಗೇ ಚಿಕಿತ್ಸೆ ಬೇಕು, ಅವರನ್ನು ಬಿಟ್ಟು ಬಂದ ಫಲಿತಾಂಶ ನಾಳೆ ಯಾವ ಕ್ಲಿನಿಕ್‌ಗೂ ಒಗ್ಗುವುದಿಲ್ಲ. ಎಫ್‌ಡಿಎ ಕೂಡ 2017ರಲ್ಲೇ, ಈ ಕಾರಣಕ್ಕೆ ಔಷಧಿ ತಡೆಹಿಡಿಯಬೇಡಿ ಅಂದಿದೆ.

ಎಣಿಕೆ ಎಲ್ಲಿಂದ ಶುರು ಅನ್ನುವುದನ್ನೂ ಗಟ್ಟಿ ಮಾಡಿ. 2018ರ ಎಕ್ಸ್‌ಬಾಟ್ ಟ್ರಯಲ್‌ನಲ್ಲಿ 570 ಜನರನ್ನು ತಿಂಗಳಿಗೊಮ್ಮೆ ಕೊಡುವ ನಾಲ್ಟ್ರೆಕ್ಸೋನ್ (ಓಪಿಯಾಯ್ಡ್ ಪರಿಣಾಮ ತಡೆಯುವ ಔಷಧಿ) ಇಂಜೆಕ್ಷನ್ ಮತ್ತು ಬ್ಯುಪ್ರೆನಾರ್ಫಿನ್-ನಾಲಾಕ್ಸೋನ್ ನಡುವೆ ಹಂಚಿದರು. ಔಷಧಿ ಶುರುವಾದದ್ದು ಕ್ರಮವಾಗಿ 72% ಮತ್ತು 94% ಜನರಿಗೆ. ಶುರು ಮಾಡಿದವರನ್ನು ಮಾತ್ರ ನೋಡಿದರೆ 24 ವಾರದಲ್ಲಿ ಮತ್ತೆ ಚಟಕ್ಕೆ ಬಿದ್ದವರು 52% ಮತ್ತು 56%, ಎರಡೂ ಸರಿಸುಮಾರು ಸಮ. ಹಂಚಿದ ಎಲ್ಲರನ್ನೂ ಎಣಿಸಿದರೆ 65% ಮತ್ತು 57%. ಮೊದಲ ವಾರದಲ್ಲಿ ಕಳೆದುಹೋದವರನ್ನು ಲೆಕ್ಕದಿಂದ ಬಿಟ್ಟರೆ ತೀರ್ಪೇ ಬದಲಾಗುತ್ತದೆ. ನಿಮ್ಮಲ್ಲೂ ಚೀಟಿ ಹಿಡಿದು ಹೊರಟು ಕೇಂದ್ರ ತಲುಪದವರು ಹೀಗೇ ಕಳೆದುಹೋಗುತ್ತಾರೆ. ಕ್ಲಿನಿಕ್‌ನಲ್ಲಿ ಅರ್ಹರೆಂದು ಗುರುತಾದ ದಿನವೇ ಎಲ್ಲರಿಗೂ ಒಂದನೇ ದಿನ.

—

ಫಾಲೋಅಪ್‌ರಾಣಿ ಉತ್ತರ:

ಮುಖ್ಯ ಫಲಿತಾಂಶ ಮೂತ್ರ ಪರೀಕ್ಷೆ ಆಗಬಾರದು. ಅದನ್ನು ಎರಡನೆಯ ಸಾಲಿಗೆ ಇಳಿಸಿ.

ಕಾರಣ ಇಷ್ಟೇ. ಮಾದರಿ ಕೊಡಲು ಬಾರದವರನ್ನು "ಪಾಸಿಟಿವ್" ಅಂತ ಹಿಡಿಯುವ ಸಂಪ್ರದಾಯ ಇದೆ. ನಿಮ್ಮ ಒಂದು ಗುಂಪಿನವರು ಔಷಧಿಗೆ ಅಂತ ಕ್ಲಿನಿಕ್‌ಗೆ ಬರುತ್ತಲೇ ಇರುತ್ತಾರೆ, ಇನ್ನೊಂದು ಗುಂಪಿನವರು ಬರುವುದು ಟ್ರಯಲ್‌ಗೋಸ್ಕರ ಮಾತ್ರ. ಬಾರದವರು ಯಾವ ಗುಂಪಿನಲ್ಲಿ ಹೆಚ್ಚು ಅಂತ ಹೇಳಬೇಕಿಲ್ಲ. ಔಷಧಿ ಒಂದು ಚೂರೂ ಕೆಲಸ ಮಾಡದಿದ್ದರೂ ನಿಮ್ಮ ಗುಂಪು ಗೆಲ್ಲುತ್ತದೆ. ಮಳೆಗೆ ಸೇತುವೆ ಮುಳುಗಿದ ವಾರ ಇಡೀ ಒಂದು ಕ್ಲಿನಿಕ್ "ಪಾಸಿಟಿವ್" ಆಗಿಬಿಡುತ್ತದೆ. ಬಾರದ್ದಕ್ಕೆ ಕಾರಣವನ್ನು ಪ್ರತಿ ಸಲ ಒಂದು ಕೋಡ್‌ನಲ್ಲಿ ಬರೆಯಿರಿ (ಸಾರಿಗೆ, ಕೆಲಸ, ಜೈಲು, ಆಸ್ಪತ್ರೆ, ಊರು ಬಿಟ್ಟರು, ಗೊತ್ತಿಲ್ಲ). ಬಾರದವರಲ್ಲಿ ಬಳಕೆ 10, 20, 30 ಶೇಕಡಾಂಶ ಹೆಚ್ಚಿದ್ದರೆ ಉತ್ತರ ಎಲ್ಲಿ ಮಗುಚುತ್ತದೆ ಅನ್ನುವ ಸೂಕ್ಷ್ಮತಾ ವಿಶ್ಲೇಷಣೆಯನ್ನು ಮೊದಲೇ ಯೋಜನೆಯಲ್ಲಿ ಬರೆದಿಡಿ.

ಮುಖ್ಯ ಫಲಿತಾಂಶಕ್ಕೆ ನಾನು ಹೇಳುವುದು: 24ನೇ ವಾರ, ಹಿಂದೆ-ಮುಂದೆ 7 ದಿನ ಬಿಟ್ಟು, ರೋಗಿ ಯಾವುದಾದರೂ ಪರಿಣಾಮಕಾರಿ ಔಷಧಿಯ ಮೇಲಿದ್ದಾರೆಯೇ? ರೆಫರಲ್ ಆದವರು ದೂರದ ಕೇಂದ್ರದಲ್ಲಿ ಮೆಥಡೋನ್ ತೆಗೆದುಕೊಳ್ಳುತ್ತಿರಬಹುದು. ಅದೂ ಗೆಲುವೇ. ಇಲ್ಲಿ ಒಂದು ಗುಂಡಿ ಇದೆ: ನಿಮ್ಮ ಕ್ಲಿನಿಕ್‌ನ ದಾಖಲೆ ನಿಮ್ಮ ಕೈಯಲ್ಲಿರುತ್ತದೆ, ಆ ಕೇಂದ್ರದ್ದು ಇರುವುದಿಲ್ಲ. ಆ ಕಡೆಯ ದಾಖಲೆ ನೋಡಲು ಒಪ್ಪಿಗೆ ಪತ್ರದಲ್ಲೇ ಅನುಮತಿ ಪಡೆಯದಿದ್ದರೆ ರೆಫರಲ್ ಗುಂಪು ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಎರಡೂ ಗುಂಪಿಗೆ ಒಂದೇ ಮೂಲ, ಒಂದೇ ಪ್ರಶ್ನೆ. ಫೋನ್ ಮಾಡಿ ಕೇಳುವವರಿಗೆ ರೋಗಿ ಯಾವ ಗುಂಪಿನವರು ಅಂತ ಗೊತ್ತಿರಬಾರದು. ಬಳಕೆಯ ದಿನಗಳಿಗೆ ಕ್ಯಾಲೆಂಡರ್ ಹಿಡಿದು ಹಿಂದಿನ 30 ದಿನ ಕೇಳುವ ಟೈಮ್‌ಲೈನ್ ಫಾಲೋಬ್ಯಾಕ್ ಸಾಕು, ಅದನ್ನು ಫೋನಿನಲ್ಲೂ ಮಾಡಬಹುದು.

ಆದರೂ ಮೂತ್ರ ಪರೀಕ್ಷೆ ಇಡುತ್ತೀರಾದರೆ: ಸಾಮಾನ್ಯ "ಓಪಿಯೇಟ್" ಪರೀಕ್ಷಾ ಪಟ್ಟಿ (ಸ್ಟ್ರಿಪ್) ಮಾರ್ಫಿನ್ ಜಾತಿಯದನ್ನು ಹಿಡಿಯುತ್ತದೆ. ಫೆಂಟನಿಲ್, ಮೆಥಡೋನ್, ಬ್ಯುಪ್ರೆನಾರ್ಫಿನ್ ಮೂರಕ್ಕೂ ಬೇರೆ ಬೇರೆ ಪಟ್ಟಿ ಬೇಕು. ಇದು ಗೊತ್ತಿಲ್ಲದೆ ಅಗ್ಗದ ಕಪ್ ತರಿಸಿದರೆ ಫೆಂಟನಿಲ್ ಮಾತ್ರ ಬಳಸುವವರೆಲ್ಲ ನೆಗೆಟಿವ್ ಬರುತ್ತಾರೆ. ನಾಲ್ಕು ನಿಮಿಷದೊಳಗೆ ಕಪ್‌ನ ಉಷ್ಣತೆ 32–38 ಡಿಗ್ರಿ ಸೆಲ್ಸಿಯಸ್ ಇರಬೇಕು. ಬ್ಯುಪ್ರೆನಾರ್ಫಿನ್ ಅತಿ ಹೆಚ್ಚು, ಅದು ದೇಹದಲ್ಲಿ ಒಡೆದು ಆಗುವ ನಾರ್‌ಬ್ಯುಪ್ರೆನಾರ್ಫಿನ್ ಇಲ್ಲವೇ ಇಲ್ಲ ಅಂದರೆ ಮಾತ್ರೆಯನ್ನು ಕಪ್‌ಗೇ ಹಾಕಿದ್ದಾರೆ ಅಂತ ಅನುಮಾನ ಪಡಬೇಕು. ಹಾಗೆ ಬಂದರೂ ಔಷಧಿ ನಿಲ್ಲಿಸುವುದಕ್ಕೆ ಅದು ಕಾರಣ ಆಗಬಾರದು. ಪರೀಕ್ಷೆ ಶಿಕ್ಷೆಯಾದ ದಿನ ನಿಮ್ಮ ಡೇಟಾ ಸಾಯುತ್ತದೆ. ಬಂದದ್ದಕ್ಕೆ ಕೊಡುವ ಪ್ರಯಾಣ ಭತ್ಯೆ ಫಲಿತಾಂಶ ಏನೇ ಇರಲಿ ಒಂದೇ.

ಚಿಕ್ಕ ಊರಿನ ಗುಟ್ಟಿನ ವಿಚಾರಕ್ಕೆ ಪ್ರೋಟೊಕಾಲ್‌ನಲ್ಲಿ ಒಂದು ಪುಟ ಬೇಕು. ಕ್ಲಿನಿಕ್ ಸ್ವಾಗತದಲ್ಲಿ ಕೂತವರು ರೋಗಿಯ ಅತ್ತಿಗೆ ಆಗಿರಬಹುದು. ಲಕೋಟೆ, ಮೆಸೇಜು, ಕಾಲರ್ ಐಡಿ ಎಲ್ಲೂ ಟ್ರಯಲ್ ಹೆಸರು ಬೇಡ. ಒಪ್ಪಿಗೆ ಪಡೆದು ಮೂರು ಸಂಪರ್ಕ ಸಂಖ್ಯೆ ತೆಗೆದುಕೊಳ್ಳಿ, ಅವರಿಗೆ ಕರೆ ಮಾಡುವಾಗ ಏನು ಹೇಳಬೇಕು, ಏನು ಹೇಳಬಾರದು ಅನ್ನುವುದನ್ನು ಅಕ್ಷರಶಃ ಬರೆದುಕೊಡಿ. "ವ್ಯಸನದ ದಿನ" ಅಂತ ವಾರಕ್ಕೊಂದು ದಿನ ಇಡಬೇಡಿ. ಬುಧವಾರ ಬಂದವರೆಲ್ಲ ಯಾರು ಅಂತ ಊರಿಗೆ ತಿಳಿಯುತ್ತದೆ. ವರದಿಯಲ್ಲಿ ಕ್ಲಿನಿಕ್‌ವಾರು ಕೋಷ್ಟಕ ಹಾಕಬೇಡಿ. ಊರು, ವಯಸ್ಸು, ಕೆಲಸ ಈ ಮೂರು ಸೇರಿದರೆ ಹೆಸರು ಬೇಕಾಗುವುದಿಲ್ಲ.

ಸಾವಿನ ನೋಂದಣಿಯ ಜೊತೆ ಜೋಡಣೆಗೂ ಅನುಮತಿ ಕೇಳಿ. 2017ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಹಲವು ಅಧ್ಯಯನಗಳ ಒಟ್ಟು ವಿಶ್ಲೇಷಣೆಯಲ್ಲಿ, 1,000 ವ್ಯಕ್ತಿ-ವರ್ಷಕ್ಕೆ (ಸಾವಿರ ಜನರನ್ನು ಒಂದು ವರ್ಷ ಗಮನಿಸಿದಂತೆ) ಸಾವು ಮೆಥಡೋನ್ ಚಿಕಿತ್ಸೆಯೊಳಗೆ 11.3, ಬಿಟ್ಟ ಮೇಲೆ 36.1. ಬ್ಯುಪ್ರೆನಾರ್ಫಿನ್‌ಗೆ 4.3 ಮತ್ತು 9.5. ಫೋನಿಗೆ ಸಿಗದವರು ಸುಮ್ಮನೆ "ಸಂಪರ್ಕ ತಪ್ಪಿದವರು" ಆಗಿರಲಾರರು.

—

ತುಂಬೆಹೂ:

ಎಲ್ಲರಿಗೂ ಧನ್ಯವಾದ, 6 ಕ್ಲಿನಿಕ್ ಅನ್ನುವುದನ್ನು ಇವತ್ತೇ ಅಳಿಸಿದೆ. ಎರಡು ಉಳಿದಿವೆ. 20-20 ಕ್ಲಿನಿಕ್ ಒಮ್ಮೆಲೇ ಶುರು ಮಾಡಲು ತರಬೇತುದಾರರಿಲ್ಲ. ಹಂತಹಂತವಾಗಿ ಎಲ್ಲ ಕ್ಲಿನಿಕ್‌ಗಳನ್ನೂ ಚಿಕಿತ್ಸೆಗೆ ದಾಟಿಸುವ ಸ್ಟೆಪ್ಡ್ ವೆಜ್ ಆದರೆ? ಆಗ "ಯಾರಿಗೂ ಚಿಕಿತ್ಸೆ ತಪ್ಪಲಿಲ್ಲ" ಅಂತ ಎಥಿಕ್ಸ್ ಸಮಿತಿಗೂ ಹೇಳಬಹುದು ಅನ್ನಿಸಿತು.

—

ಸಮಿತಿಸದಸ್ಯ ಉತ್ತರ:

ನೈತಿಕತೆಯ ಪ್ರಶ್ನೆ ಹಾಗೇ ಉಳಿದಿದೆ, ಅದರ ಜೊತೆಗೇ ಇದಕ್ಕೂ ಹೇಳುತ್ತೇನೆ.

ಕಾಯಿಸುವುದು ತಟಸ್ಥ ಅಲ್ಲ. 2003ರ ಸ್ವೀಡನ್ ಅಧ್ಯಯನ ಚಿಕ್ಕದು, 40 ಜನ. ಎಲ್ಲರಿಗೂ ಆಪ್ತಸಲಹೆ ಇತ್ತು. ವರ್ಷದ ಕೊನೆಗೆ ದಿನಾ ಬ್ಯುಪ್ರೆನಾರ್ಫಿನ್ ಪಡೆದ 20 ಜನರಲ್ಲಿ 75% ಚಿಕಿತ್ಸೆಯಲ್ಲಿ ಉಳಿದಿದ್ದರು. ಆರು ದಿನ ಇಳಿಸುತ್ತಾ ಕೊಟ್ಟು ಆಮೇಲೆ ಪ್ಲಸೀಬೊ (ಔಷಧಿಯಿಲ್ಲದ ಹುಸಿ ಮಾತ್ರೆ) ಕೊಟ್ಟ 20ರಲ್ಲಿ ಒಬ್ಬರೂ ಉಳಿದಿರಲಿಲ್ಲ, ನಾಲ್ವರು ತೀರಿಕೊಂಡಿದ್ದರು. ಇದಾದ ಮೇಲೆ ಪ್ಲಸೀಬೊ ಮಾತು ಎತ್ತುವ ಹಾಗಿಲ್ಲ. ರೆಫರಲ್ ಗುಂಪು ನಿಲ್ಲುವುದು ಒಂದೇ ನೆಲೆಯಲ್ಲಿ: ಅಲ್ಲಿ ಈಗ ಸಿಗುತ್ತಿರುವುದೇ ಅದು, ಟ್ರಯಲ್ ಅದರಿಂದ ಏನನ್ನೂ ಕಿತ್ತುಕೊಳ್ಳುತ್ತಿಲ್ಲ. ಬರೀ ಚೀಟಿ ಮಾತ್ರ ನಾನು ಒಪ್ಪುವುದಿಲ್ಲ. 2015ರಲ್ಲಿ ಅಮೆರಿಕದ ತುರ್ತು ವಿಭಾಗವೊಂದರಲ್ಲಿ 329 ಜನರ ಮೇಲೆ ನಡೆದ ಟ್ರಯಲ್‌ನಲ್ಲಿ 30ನೇ ದಿನ ಚಿಕಿತ್ಸೆಯಲ್ಲಿದ್ದವರು: ಬರೀ ರೆಫರಲ್ 37%, ಮಾತಾಡಿ ಕೇಂದ್ರಕ್ಕೆ ಜೋಡಿಸಿ ಕಳಿಸಿದರೆ 45%, ಅಲ್ಲೇ ಬ್ಯುಪ್ರೆನಾರ್ಫಿನ್ ಶುರು ಮಾಡಿದರೆ 78%. ಆದ್ದರಿಂದ ನಿಮ್ಮ ಹೋಲಿಕೆ ಗುಂಪಿಗೆ ಕನಿಷ್ಠ: ಕೇಂದ್ರದಲ್ಲಿ ಗೊತ್ತು ಮಾಡಿದ ದಿನ ಮತ್ತು ಸಮಯ, ಪ್ರಯಾಣ ವೆಚ್ಚ, ನಾಲಾಕ್ಸೋನ್, ಒಂದು ವಾರಕ್ಕೆ ಒಂದು ಫೋನ್. ವ್ಯತ್ಯಾಸ ಕಿರಿದಾಗುತ್ತದೆ, ಸ್ಯಾಂಪಲ್ ಹೆಚ್ಚಬೇಕಾಗುತ್ತದೆ. ಆ ಬೆಲೆ ತೆರಲೇಬೇಕು.

ಎರಡು ಗಂಟೆ ದೂರದವರಿಗೆ ಇನ್ನೊಂದು ದಾರಿಯೂ ಇದೆ. ಗ್ರಾಮೀಣ ಪ್ರದೇಶವೇ ಹೆಚ್ಚಿರುವ ವರ್ಮಾಂಟ್ ರಾಜ್ಯದಲ್ಲಿ ಕಾಯುವ ಪಟ್ಟಿಯಲ್ಲಿದ್ದ 50 ಜನರ ಒಂದು ಟ್ರಯಲ್ 2016ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ 12 ವಾರ ಮಧ್ಯಂತರ ಬ್ಯುಪ್ರೆನಾರ್ಫಿನ್: ಬೀಗವಿರುವ, ಆಯಾ ದಿನದ ಡೋಸ್ ಮಾತ್ರ ಬಿಡುವ ಕಂಪ್ಯೂಟರ್ ಡಬ್ಬಿ ಮನೆಗೇ ಕೊಟ್ಟು, ದಿನಾ ಫೋನಿನಲ್ಲಿ ಸ್ವಯಂಚಾಲಿತ ವಿಚಾರಣೆ ನಡೆಸಿ, ಅವಾಗವಾಗ ಕರೆದು ಮಾತ್ರೆ ಎಣಿಸುವುದು. 4, 8, 12ನೇ ವಾರ ಅಕ್ರಮ ಓಪಿಯಾಯ್ಡ್ ಇಲ್ಲದ ಮಾದರಿ 88%, 84%, 68%. ಸುಮ್ಮನೆ ಕಾಯುತ್ತಿದ್ದವರಲ್ಲಿ ಮೂರೂ ಸಲ ಸೊನ್ನೆ. ಔಷಧಿ ಹೊರಗೆ ಮಾರಾಟವಾಗುತ್ತದೆ ಅಂತ ಸಮಿತಿ ಆಕ್ಷೇಪ ಎತ್ತಿದರೆ ಈ ಡಬ್ಬಿಯ ಏರ್ಪಾಟು ತೋರಿಸಿ.

ಸ್ಟೆಪ್ಡ್ ವೆಜ್‌ನ ತೊಂದರೆ ಕಾಲ. ಚಿಕಿತ್ಸೆ ಇಲ್ಲದ ತಿಂಗಳುಗಳೆಲ್ಲ ಮೊದಲು, ಇರುವ ತಿಂಗಳುಗಳೆಲ್ಲ ಆಮೇಲೆ ಬರುತ್ತವೆ. ಆ ನಡುವೆ ಬೀದಿಯ ಮಾಲು ಬದಲಾದರೆ, ನಿಯಮ ಬದಲಾದರೆ, ಅದರ ಪಾಪ-ಪುಣ್ಯ ನಿಮ್ಮ ಚಿಕಿತ್ಸೆಯ ತಲೆಗೆ ಬರುತ್ತದೆ. ಈ ಕ್ಷೇತ್ರದಲ್ಲಿ ಅದು ಅಪರೂಪವೂ ಅಲ್ಲ. ಅಮೆರಿಕದಲ್ಲಿ 2020ರ ಮಾರ್ಚ್‌ನಲ್ಲಿ ಮುಖಾಮುಖಿ ಭೇಟಿಯ ಕಡ್ಡಾಯ ಸಡಿಲಾಯಿತು, 2022ರ ಡಿಸೆಂಬರ್ ಕೊನೆಯಲ್ಲಿ ಬ್ಯುಪ್ರೆನಾರ್ಫಿನ್ ಬರೆಯಲು ಬೇಕಿದ್ದ ವಿಶೇಷ ಅನುಮತಿಯೇ ರದ್ದಾಯಿತು. ನಾಲ್ಕು ರಾಜ್ಯಗಳ 67 ಸಮುದಾಯಗಳಲ್ಲಿ, ಹಳ್ಳಿ-ಪಟ್ಟಣ ಎರಡನ್ನೂ ಸೇರಿಸಿ ನಡೆದ ಹೀಲಿಂಗ್ ಕಮ್ಯುನಿಟೀಸ್ ಅಧ್ಯಯನ ಕೋವಿಡ್ ಕಾಲದಲ್ಲೇ ಸಾಗಬೇಕಾಯಿತು. 2024ರ ಫಲಿತಾಂಶದಲ್ಲಿ ಓಪಿಯಾಯ್ಡ್ ಡೋಸ್ ಮಿತಿಮೀರಿ ಆದ ಸಾವು ಹೊಸ ಕ್ರಮ ಬಂದ ಕಡೆ ಲಕ್ಷಕ್ಕೆ 47.2, ಬಾರದ ಕಡೆ 51.7, ವ್ಯತ್ಯಾಸ ಸಂಖ್ಯಾಶಾಸ್ತ್ರೀಯವಾಗಿ ಗಟ್ಟಿಯಾಗಲಿಲ್ಲ. ಅಲ್ಲಿ ಎರಡೂ ಗುಂಪು ಒಂದೇ ಕಾಲದಲ್ಲಿ ಇದ್ದದ್ದರಿಂದ ಇಷ್ಟಾದರೂ ಹೇಳಲು ಸಾಧ್ಯವಾಯಿತು. ತರಬೇತುದಾರರ ಕೊರತೆಗೆ ಸುಲಭ ಪರಿಹಾರ ಇದೆ: 8 ಕ್ಲಿನಿಕ್‌ಗಳ ಐದು ತಂಡ ಮಾಡಿ, ಪ್ರತಿ ತಂಡದಲ್ಲೂ 4 ಈ ಕಡೆ, 4 ಆ ಕಡೆ. ಮೂರು ತಿಂಗಳಿಗೊಂದು ತಂಡ ಶುರು. ಪ್ರತಿ ತಂಡದ ಹೋಲಿಕೆ ಕ್ಲಿನಿಕ್‌ಗಳಿಗೆ ಅವುಗಳ ಅಳತೆ ಮುಗಿದ ಕೂಡಲೇ ತರಬೇತಿ.

ಒಪ್ಪಿಗೆ: ಮತ್ತಿನಲ್ಲಿದ್ದಾಗ, ತೀವ್ರ ವಿತ್‌ಡ್ರಾವಲ್‌ನಲ್ಲಿದ್ದಾಗ ಸಹಿ ಬೇಡ. ಮೊದಲು ಚಿಕಿತ್ಸೆಯ ಒಪ್ಪಿಗೆ, ಸ್ಥಿರವಾದ ಮೇಲೆ ಸಂಶೋಧನೆಯ ಒಪ್ಪಿಗೆ, ಎರಡು ಬೇರೆ ಪತ್ರ. ರೋಗಿಯ ಬಾಯಲ್ಲೇ ತಿರುಗಿ ಹೇಳಿಸಿ: ಸೇರದಿದ್ದರೂ ಚಿಕಿತ್ಸೆ ಸಿಗುತ್ತದೆಯೇ, ಬಿಟ್ಟರೆ ಏನಾಗುತ್ತದೆ, ಪೊಲೀಸರು ಕೇಳಿದರೆ ದಾಖಲೆ ಯಾರ ಬಳಿ ಇರುತ್ತದೆ.

25ನೇ ವಾರಕ್ಕೆ ಏನು ಅನ್ನುವುದು ನಿಮ್ಮ ಕರಡಿನಲ್ಲಿ ಇಲ್ಲವೇ ಇಲ್ಲ. ನಮ್ಮ ಸಮಿತಿಯಾದರೆ ಅಲ್ಲೇ ವಾಪಸ್ ಕಳಿಸುತ್ತಿತ್ತು. 2011ರಲ್ಲಿ ಪ್ರಕಟವಾದ, ನೋವಿನ ಮಾತ್ರೆಗಳ ವ್ಯಸನವಿದ್ದ 653 ಜನರ ಅಧ್ಯಯನದಲ್ಲಿ, ಎರಡನೇ ಹಂತಕ್ಕೆ ಬಂದವರು 12 ವಾರ ಔಷಧಿಯ ಮೇಲಿದ್ದಾಗ 49.2% ಯಶಸ್ಸು, ಔಷಧಿ ಇಳಿಸಿ ನಿಲ್ಲಿಸಿದ 8 ವಾರಕ್ಕೆ 8.6%. ಟ್ರಯಲ್ ಮುಗಿಯಿತು ಅಂತ ಔಷಧಿ ನಿಲ್ಲಿಸುವಂತಿಲ್ಲ. ಯಾರು ಬರೆಯುತ್ತಾರೆ, ಯಾರು ಹಣ ಕೊಡುತ್ತಾರೆ, ಯಾವ ಅಂಗಡಿಯಲ್ಲಿ ಸಿಗುತ್ತದೆ, ಮೂರಕ್ಕೂ ಸಹಿಯಾದ ಪತ್ರ ಬೇಕು.

—

ನಾಲಿಗೆಯಡಿ:

ಅಂಗಡಿ ಮಾತು ಬಂದದ್ದರಿಂದ ಒಂದು ಸೇರ್ಪಡೆ. ಗ್ರಾಮೀಣ ಔಷಧಿ ಅಂಗಡಿಗಳು ಬ್ಯುಪ್ರೆನಾರ್ಫಿನ್ ದಾಸ್ತಾನು ಇಡದಿರುವುದು, ಇಟ್ಟರೂ ಹೊಸ ರೋಗಿಗೆ ಕೊಡಲು ಹಿಂಜರಿಯುವುದು ಸಾಮಾನ್ಯ. ಕ್ಲಿನಿಕ್ ಆರಿಸುವ ಮೊದಲೇ ಸುತ್ತಲಿನ ಅಂಗಡಿಗಳಿಗೆ ಫೋನ್ ಮಾಡಿ 2 ಮತ್ತು 8 ಮಿ.ಗ್ರಾಂ ಎರಡೂ ಇದೆಯಾ, ಖಾಲಿಯಾದರೆ ಎಷ್ಟು ದಿನಕ್ಕೆ ಬರುತ್ತದೆ ಅಂತ ಕೇಳಿ ಬರೆದಿಡಿ. ತಿಂಗಳಿಗೊಮ್ಮೆ ಮತ್ತೆ ಕೇಳಿ. ಇದನ್ನು ಕ್ಲಿನಿಕ್ ಮಟ್ಟದ ಒಂದು ಅಂಕಿಯಾಗಿಯೇ ದಾಖಲಿಸಿ. ರೋಗಿಯ ಕೈಯಲ್ಲಿ ಮುಂದಿನ ಭೇಟಿಯ ದಿನಕ್ಕಿಂತ 3 ದಿನದ ಮಾತ್ರೆ ಹೆಚ್ಚಿರಲಿ. ವಿಡಿಯೊ ಕೈಕೊಟ್ಟರೆ ಧ್ವನಿ ಕರೆ, ಅದೂ ಸಿಗದಿದ್ದರೆ ನರ್ಸ್ ಹಳೆಯ ಡೋಸನ್ನೇ ಮುಂದುವರಿಸಲು ಮೊದಲೇ ಬರೆದ ಆದೇಶ. ಇದು ಆಯಾ ಕಡೆಯ ಕಾನೂನಿನ ಪ್ರಕಾರ ಸಾಧ್ಯವೇ ಅಂತ ಈಗಲೇ ನೋಡಿಕೊಳ್ಳಿ, ಶುರುವಾದ ಮೇಲಲ್ಲ.

—

ಅಂಕಿಸಂಖ್ಯೆ:

ಸಮಿತಿಸದಸ್ಯರ ಐದು ತಂಡಕ್ಕೆ ನನ್ನ ಒಪ್ಪಿಗೆ ಇದೆ. ತಂಡವನ್ನು ಮಾಡೆಲ್‌ನಲ್ಲಿ ಸ್ತರವಾಗಿ ಸೇರಿಸಿ. ಹೋಲಿಕೆ ಗುಂಪಿಗೆ ಫೋನ್, ಪ್ರಯಾಣ ವೆಚ್ಚ ಸೇರಿಸಿದ ಮೇಲೆ 35% ಅನ್ನುವ ಅಂದಾಜು ನಿಲ್ಲುವುದಿಲ್ಲ. 40% ಅಂತ ಹಿಡಿದರೆ, ನಿಮ್ಮ ಕಡೆ 50% ಹಾಗೇ ಇದ್ದರೆ, ಡಿಸೈನ್ ಎಫೆಕ್ಟ್‌ಗೂ ಮೊದಲೇ ಗುಂಪಿಗೆ 385 ಆಗುತ್ತದೆ. ಹಣ ಕೇಳುವ ಅರ್ಜಿಯಲ್ಲಿ 35%ದ ಲೆಕ್ಕವನ್ನೇ ಬಿಟ್ಟು ಕಳಿಸಬೇಡಿ.